ಎಂಜಿನ್ ಗುಜರಿಗೆ ಹಾಕುವ ಮೊದಲು: ಅಣ್ಣನ ಮಗನಿಗೊಂದು ಬಹಿರಂಗ ಪತ್ರ



ತಾತನ ಪದ್ಮಿನಿ ಕಾರಿನ ಎಂಜಿನ್ ಇಳಿಸಿ ಗುಜರಿಗೆ ಹಾಕುವುದು, ಅದರ ಜಾಗಕ್ಕೆ ಜಿಪ್ಸಿಯ ಎಂಜಿನ್ ಕೂರಿಸುವುದು ಎಂದು ನೀನೂ ನಿನ್ನ ಗೆಳೆಯರೂ ತೀರ್ಮಾನ ಮಾಡಿದ್ದೀರಂತೆ. ನಿನ್ನಪ್ಪ ಹೇಳಿದ. ಕಾರು ನಿನ್ನದು. ತಾತ ಅದನ್ನು ನಿನಗೇ ಅಂತ ಬಿಟ್ಟುಹೋದರು, ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಒಂದೇ: ಈ ತೀರ್ಮಾನ ಎಂಜಿನ್ ಬಿಚ್ಚಿ ನೋಡದೆ, ಒಂದೇ ಒಂದು ಅಳತೆ ತೆಗೆಯದೆ ಆಗಿದೆ. ಕೆಲಸದಲ್ಲಿದ್ದಷ್ಟು ಕಾಲವೂ ಪಾಲಿಟೆಕ್ನಿಕ್‌ನ ಆಟೊಮೊಬೈಲ್ ಲ್ಯಾಬಿನಲ್ಲಿ ಹುಡುಗರ ಕೈಗೆ ಮೈಕ್ರೋಮೀಟರ್ ಕೊಟ್ಟು ಪಕ್ಕದಲ್ಲಿ ನಿಂತವಳು ನಾನು. ಇದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಿನ್ನೊಬ್ಬನಿಗೇ ಫೋನ್ ಮಾಡಿ ಹೇಳಬಹುದಿತ್ತು. ಪತ್ರಿಕೆಗೆ ಬರೆಯುತ್ತಿರುವುದು ಏಕೆಂದರೆ, ಹಾಸನದಲ್ಲಿ, ದಾವಣಗೆರೆಯಲ್ಲಿ, ಹುಬ್ಬಳ್ಳಿಯಲ್ಲಿ ನಿನ್ನ ಹಾಗೆಯೇ ತಾತನ ಫಿಯೆಟ್ಟನ್ನೋ ಅಂಬಾಸಿಡರನ್ನೋ ಸ್ಟ್ಯಾಂಡರ್ಡ್ ಹೆರಾಲ್ಡನ್ನೋ ಶೆಡ್ಡಿನಿಂದ ಹೊರಗೆಳೆದು, ಬಾನೆಟ್ ಎತ್ತಿ, ಇದೇ ಪ್ರಶ್ನೆ ಇಟ್ಟುಕೊಂಡು ನಿಂತ ಹುಡುಗ ಹುಡುಗಿಯರು ಇದ್ದಾರೆ. ಹಳೆಯದನ್ನೇ ರಿಪೇರಿ ಮಾಡಿಸೋದೋ, ಬೇರೆಯದು ಹಾಕೋದೋ? ಎಲ್ಲರಿಗೂ ಮೊದಲು ಸಿಗುವ ಸಲಹೆ ಒಂದೇ: "ಎಂಜಿನ್ ಹೋಗಿದೆ, ಬೇರೆ ಹಾಕಿಬಿಡಿ." ಎಂಜಿನ್ ಹೋಗಿದೆ ಎಂದರೆ ಏನು ಹೋಗಿದೆ ಎಂದು ಕೇಳುವವರು ಕಡಿಮೆ. ನಾನು ಕೇಳುತ್ತಿದ್ದೇನೆ.

ಮೊದಲು ನಿನ್ನ ಮುಂದಿರುವ ವಸ್ತು ಏನೆಂದು ತಿಳಿದುಕೋ. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1964ರಲ್ಲಿ ಫಿಯೆಟ್ 1100ಡಿ ಕಾರನ್ನು ಇಲ್ಲಿ ತಯಾರಿಸಲು ಶುರುಮಾಡಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ತಾತನದು 1976ರದ್ದು. ಅದರೊಳಗಿನ ಎಂಜಿನ್ ಮಾತ್ರ ಕಾರಿಗಿಂತಲೂ ಬಹಳ ಹಳೆಯ ಮನೆತನದ್ದು. 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ನಾಲ್ಕು ಸಿಲಿಂಡರ್, ಒಟ್ಟು 1089 ಸಿಸಿ. ಇದೇ ಅಳತೆಯ ಎಂಜಿನ್ 1937ರಲ್ಲಿ ಇಟಲಿಯ ಫಿಯೆಟ್ 508ಸಿ ಕಾರಿನಲ್ಲಿ ಓಡುತ್ತಿತ್ತು. ದಾಂತೆ ಜಕೋಸಾ ಎಂಬ ದೊಡ್ಡ ಎಂಜಿನಿಯರ್ ರೂಪಿಸಿದ ಕಾರು ಅದು. ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್, ಬ್ಲಾಕಿನೊಳಗೇ ಕ್ಯಾಮ್‌ಶಾಫ್ಟ್, ಪುಶ್‌ರಾಡ್ ಎತ್ತಿದರೆ ವಾಲ್ವ್ ಬಾಯಿಬಿಡುತ್ತದೆ. ಬಿಚ್ಚಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಆ ಕಾಲದ ಎಂಜಿನ್ನುಗಳನ್ನು ಸವೆಯುತ್ತವೆ ಎಂದು ಗೊತ್ತಿದ್ದೇ ಮಾಡಿದರು. ಸಿಲಿಂಡರಿನ ಗೋಡೆಯನ್ನು ದಪ್ಪವಾಗಿ ಬಿಟ್ಟರು, ಒಮ್ಮೆ ಸವೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಲಿ ಅಂತ. ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡ್ ಮಾಡಲು ಬರುವಂತೆ ಬಿಟ್ಟರು, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಶೆಲ್ಲುಗಳನ್ನೂ ಮಾಡಿದರು. ರಿಪೇರಿ ಅನ್ನುವುದು ಈ ಎಂಜಿನ್ನಿನ ನಕ್ಷೆಯಲ್ಲೇ ಬರೆದಿದೆ. ಹೊಗೆ ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಎಸೆದರೆ, ಅದನ್ನು ಯೋಚಿಸಿ ಮಾಡಿದವರ ಅರ್ಧ ಕೆಲಸವನ್ನು ನೋಡದೇ ಎಸೆದ ಹಾಗೆ.

ಈಗ ಹೊಗೆಯ ವಿಷಯಕ್ಕೇ ಬರುತ್ತೇನೆ. "ನೀಲಿ ಹೊಗೆ ಬರ್ತಿತ್ತು, ಎಂಜಿನ್ ಮುಗೀತು" ಅಂದನಂತೆ ನಿನ್ನ ಗೆಳೆಯ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಅಷ್ಟೇ. ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಭುಸ್ ಎಂದು ಒಂದು ಸಲ ಹೊಗೆ ಬಂದು ನಿಂತರೆ, ಅನುಮಾನ ವಾಲ್ವ್ ಗೈಡಿನ ಮೇಲೆ. ಅದು ಹೆಡ್ಡಿನ ಕೆಲಸ, ಎಂಜಿನ್ ಇಳಿಸದೆಯೂ ಆಗುತ್ತದೆ. ಏರು ಹತ್ತುವಾಗ, ಭಾರ ಬಿದ್ದಾಗಲೆಲ್ಲ ಬಿಡದೆ ಹೊಗೆ ಬಂದರೆ ರಿಂಗ್, ಬೋರ್ ಸವೆದಿದೆ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡು ಬಾಗಿರಬಹುದು. ಕಪ್ಪು ಹೊಗೆಯಾದರೆ ಕಾರ್ಬುರೇಟರ್ ಬಿಚ್ಚು, ಎಂಜಿನ್ನಿನ ತಂಟೆಗೆ ಹೋಗಲೇಬೇಡ.

ಆಮೇಲೆ ಕಂಪ್ರೆಷನ್ ನೋಡು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಎಂಜಿನ್ ಬಿಸಿಯಾಗಿರಲಿ, ನಾಲ್ಕೂ ಪ್ಲಗ್ ಬಿಚ್ಚು. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ, ನೀನು ಗೇಜ್ ಹಿಡಿದು ಒಂದೊಂದೇ ಸಿಲಿಂಡರಿನ ಅಂಕಿ ಬರೆದುಕೋ. ನಾಲ್ಕೂ ಹತ್ತಿರ ಹತ್ತಿರ ಇದ್ದು ಒಟ್ಟಾರೆ ಕಡಿಮೆ ಇದ್ದರೆ, ಎಂಜಿನ್ನಿಗೆ ಮರ್ಯಾದೆಯಿಂದ ವಯಸ್ಸಾಗಿದೆ ಎಂದು ತಿಳಿ. ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಆ ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಒಂದು ಮಾತ್ರ ಬಿದ್ದಿದ್ದರೆ ಅದರೊಳಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡು. ಅಂಕಿ ಏರಿದರೆ ರಿಂಗು. ಏರದಿದ್ದರೆ ವಾಲ್ವು. ಇಷ್ಟಕ್ಕೆ ಒಂದು ಗೇಜು, ಒಂದು ಬೆಳಗ್ಗೆ ಸಾಕು. ಈ ನಾಲ್ಕು ಅಂಕಿ ಇಲ್ಲದೆ ಯಾರು ಏನೇ ಹೇಳಿದರೂ ಅದು ಊಹೆ.

ಇದೆಲ್ಲಕ್ಕೂ ಮೊದಲು ಒಂದು ಎಚ್ಚರಿಕೆ. ಕಾರು ಬಹಳ ಕಾಲ ನಿಂತಿದೆ. ಹೊಸ ಬ್ಯಾಟರಿ ಹಾಕಿ ನೇರ ಸೆಲ್ಫ್ ಹೊಡೆಯಬೇಡ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡು. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡು. ಬಿಗಿಯಾಗಿದ್ದರೆ ಬಲ ಹಾಕಬೇಡ, ಇನ್ನೂ ನೆನೆಯಲಿ. ತುಕ್ಕು ಹಿಡಿದು ಕೂತ ರಿಂಗನ್ನು ಸೆಲ್ಫ್ ಮೋಟಾರಿನ ಬಲದಲ್ಲಿ ಎಳೆಸಿ ಬೋರಿನುದ್ದಕ್ಕೂ ಗೀರು ಹಾಕಿದ ಬ್ಲಾಕುಗಳನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದವರೂ ಕೊನೆಗೆ ಹೇಳಿದ್ದು "ಎಂಜಿನ್ ಹೋಗಿತ್ತು" ಎಂದೇ.

ಶಬ್ದವನ್ನೂ ಕಿವಿಗೊಟ್ಟು ಕೇಳು. ಟಕಟಕ ಎಂಬ ಸಣ್ಣ ಸದ್ದು ಮೇಲಿನಿಂದ ಬಂದರೆ ಟ್ಯಾಪೆಟ್ ಸೆಟ್ಟಿಂಗ್. ತಣ್ಣಗಿರುವಾಗ ಬಡಿದು ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್. ಒಂದು ಸಿಲಿಂಡರಿನ ಪ್ಲಗ್ ವೈರ್ ತೆಗೆದಾಗ ಬಡಿತ ತಗ್ಗಿದರೆ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೊಡೆದಿದೆ. ಕೆಳಗಿನಿಂದ, ಹೊಟ್ಟೆಯೊಳಗಿನಿಂದ ಬಂದ ಹಾಗೆ ಧಡ್ ಧಡ್ ಎಂದು, ಅದೂ ಭಾರ ಬಿದ್ದಾಗ ಕೇಳಿದರೆ ಮೇನ್ ಬೇರಿಂಗ್. ಕೊನೆಯ ಎರಡರಲ್ಲಿ ಯಾವುದು ಕೇಳಿಸಿದರೂ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸು. ಇನ್ನೂ ಓಡಿಸಿದರೆ ಕ್ರ್ಯಾಂಕ್ ಕೈಬಿಡುತ್ತದೆ, ಈಗ ಸಣ್ಣದಾಗಿರುವ ಖರ್ಚು ದೊಡ್ಡದಾಗುತ್ತದೆ.

ಇಷ್ಟಾದ ಮೇಲೆ ಎಂಜಿನ್ ಇಳಿಸಬೇಕು ಅನ್ನಿಸಿದರೆ ಇಳಿಸು. ಇಳಿಸಿ, ಬಿಚ್ಚಿ, ಬ್ಲಾಕನ್ನು ತೊಳೆದು ಲೇತ್ ಅಂಗಡಿಗೆ ತೆಗೆದುಕೊಂಡು ಹೋಗು. ತೀರ್ಮಾನ ಆಗಬೇಕಾದ ಜಾಗ ಅದು, ಆ ಅಂಗಡಿಯ ಮೇಜಿನ ಮೇಲೆ. ಹೋಗುವ ಮುಂಚೆ ನೀನೇ ಒಂದು ಪರೀಕ್ಷೆ ಮಾಡು. ಸಿಲಿಂಡರಿನ ಬಾಯಿಯಿಂದ ಸ್ವಲ್ಪ ಕೆಳಗೆ ಬೆರಳಿನ ಉಗುರನ್ನು ಗೋಡೆಗೆ ಒತ್ತಿ ಮೇಲಕ್ಕೆ ಎಳೆ. ಒಂದು ಮೆಟ್ಟಿಲು ಉಗುರಿಗೆ ತಾಗುತ್ತದೆ. ಮೇಲಿನ ರಿಂಗ್ ತಲುಪುವ ತುತ್ತತುದಿ ಅದು. ಅಲ್ಲಿ ಉರಿಯ ಒತ್ತಡ ಅತಿ ಹೆಚ್ಚು, ಆಯಿಲ್ ಅತಿ ಕಡಿಮೆ, ಪಿಸ್ಟನ್ ಒಂದು ಕ್ಷಣ ನಿಂತು ಹಿಂದಿರುಗುವ ಜಾಗ. ಹಾಗಾಗಿ ಸವೆತವೆಲ್ಲ ಅದರ ಕೆಳಗೇ. ಅದರ ಮೇಲೆ ರಿಂಗ್ ಹೋಗದ ಪಟ್ಟಿ ಸವೆಯದೆ ಹಾಗೇ ಉಳಿದಿರುತ್ತದೆ. ನಿನ್ನ ಉಗುರಿಗೆ ಸಿಕ್ಕಿದ್ದು ಆ ಪಟ್ಟಿಯ ಅಂಚು. "ಬೋರ್ ಬೇಡ, ರಿಂಗ್ ಸೆಟ್ ಮಾತ್ರ ಹಾಕೋಣ, ಖರ್ಚು ಕಡಿಮೆ" ಎಂದು ಯಾರಾದರೂ ಅಂದರೆ ಈ ಅಂಚನ್ನು ನೆನಪಿಟ್ಟುಕೋ. ಹೊಸ ರಿಂಗಿನ ಮೂಲೆ ಚೂಪಾಗಿರುತ್ತದೆ, ಅದು ಹೋಗಿ ಆ ಅಂಚಿಗೆ ಹೊಡೆದರೆ ರಿಂಗ್ ತುಂಡಾಗುತ್ತದೆ.

ಲೇತ್ ಅಂಗಡಿಯ ಮೇಸ್ತ್ರಿ ಡಯಲ್ ಗೇಜನ್ನು ಬೋರಿನೊಳಗೆ ಇಳಿಸಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ, ಅಡ್ಡಕ್ಕೆ ನೋಡುತ್ತಾನೆ. ನೀನು ಪಕ್ಕದಲ್ಲೇ ನಿಂತು ಅಂಕಿಗಳನ್ನು ಬರೆದುಕೋ. ಅವರ ಲೆಕ್ಕ ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. 40 ಥೌ ಅಂದರೆ ಸುಮಾರು ಒಂದು ಮಿಲಿಮೀಟರ್. ಪಿಸ್ಟನ್ನಿನ ತಲೆಯ ಮೇಲಿನ ಇಂಗಾಲವನ್ನು ಕೆರೆದು ನೋಡು, ಅಲ್ಲಿ ಏನಾದರೂ ಗುರುತು ಒತ್ತಿರುತ್ತದೆ. ಸ್ಟ್ಯಾಂಡರ್ಡ್ ಎಂದಿದ್ದರೆ ತಾತನ ಕಾಲದಲ್ಲಿ ಬೋರ್ ಆಗಿಯೇ ಇಲ್ಲ, ನಿನ್ನ ಮುಂದೆ ಬೇಕಾದಷ್ಟು ಅವಕಾಶವಿದೆ. 20 ಎಂದಿದ್ದರೂ ಚಿಂತೆಯಿಲ್ಲ. 40 ಎಂದಿದ್ದರೆ ಮತ್ತೆ ಬೋರ್ ಮಾಡುವುದಕ್ಕಿಂತ ಸ್ಲೀವ್ ಹಾಕಿಸಿ ಮೊದಲಿನ ಅಳತೆಗೆ ತರುವುದು ವಾಸಿ. ಸ್ಲೀವ್ ಹಾಕಿದ ಬ್ಲಾಕ್ ಕೀಳಲ್ಲ, ಸರಿಯಾಗಿ ಹಾಕಿದ್ದರೆ ಅದು ಇನ್ನೊಂದು ಆಯುಷ್ಯ.

ಬ್ಲಾಕಿನಲ್ಲಿ ಬಿರುಕು ಇದೆಯೇ ಎಂದು ನೋಡಿಸು. ಸಿಲಿಂಡರುಗಳ ನಡುವೆ, ಹೆಡ್ ಬೋಲ್ಟಿನ ತೂತುಗಳ ಸುತ್ತ, ಮುಖ್ಯವಾಗಿ ಕೆಳಗೆ ಮೇನ್ ಬೇರಿಂಗ್ ಕೂರುವ ಸೇತುವೆಗಳಲ್ಲಿ. ಬೇರಿಂಗ್ ಕೂರುವ ಜಾಗದಲ್ಲಿ ಬಿರುಕಿದ್ದರೆ ನಾನೂ ನಿನ್ನ ಪಕ್ಷ: ಆ ಬ್ಲಾಕ್ ಬಿಡು. ಕನೆಕ್ಟಿಂಗ್ ರಾಡ್ ಮುರಿದು ಗೋಡೆ ಒಡೆದು ಹೊರಬಂದಿದ್ದರೂ ಬಿಡು. ಇವೆರಡು ಬಿಟ್ಟು ಉಳಿದದ್ದಕ್ಕೆಲ್ಲ ದಾರಿ ಇದೆ.

ಇನ್ನು ನಿಮ್ಮ ಜಿಪ್ಸಿ ಎಂಜಿನ್. ಅದು ಕೆಟ್ಟ ಎಂಜಿನ್ ಎಂದು ನಾನು ಹೇಳುವುದಿಲ್ಲ, ಬಹಳ ಒಳ್ಳೆಯ ಎಂಜಿನ್. 1298 ಸಿಸಿ, ಇಂಜೆಕ್ಷನ್ ಇರುವುದಾದರೆ 80 ಅಶ್ವಶಕ್ತಿ. ಪದ್ಮಿನಿಯದು ಹೆಚ್ಚುಕಮ್ಮಿ 40. "ಡಬಲ್ ಪವರ್ ಅತ್ತೆ" ಎಂದು ನೀನು ಕಣ್ಣರಳಿಸುವುದು ನನಗೆ ಗೊತ್ತು. ಆ ಡಬಲ್ ಪವರನ್ನು ನಿಲ್ಲಿಸುವವರು ಯಾರು? ತಾತನ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ಎಂಜಿನ್ ಹಾಕಿದ ಮೇಲೆ ಬ್ರೇಕ್ ಬದಲಿಸಬೇಕು. ಜಿಪ್ಸಿ ಎಂಜಿನ್ನಿಗೆ ಅದರದೇ ಗೇರ್ ಬಾಕ್ಸ್ ಬೇಕು, ಆ ಗೇರ್ ಬಾಕ್ಸಿಗೆ ನೆಲದ ಮೇಲೆ ಗೇರ್ ಲಿವರ್ ಬೇಕು, ಅಂದರೆ ಸ್ಟಿಯರಿಂಗ್ ಪಕ್ಕದ ಆ ಗೇರ್ ಹೋಯಿತು, ಮುಂದಿನ ಉದ್ದ ಸೀಟನ್ನೂ ಕತ್ತರಿಸಬೇಕಾಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಬೇಕು. ಇಂಜೆಕ್ಷನ್ನಿಗೆ ಟ್ಯಾಂಕಿನಲ್ಲಿ ಹೆಚ್ಚು ಒತ್ತಡದ ಪಂಪ್, ಹೊಸ ಪೈಪು, ಕಂಪ್ಯೂಟರ್, ವೈರಿಂಗ್. ರೇಡಿಯೇಟರ್ ಸಾಲುವುದಿಲ್ಲ. ಇಷ್ಟಾದ ಮೇಲೂ ಹಿಂದಿನ ಆಕ್ಸಲ್ ಹಳೆಯದೇ. ಅದು 40 ಅಶ್ವಶಕ್ತಿಗೆ ಮಾಡಿದ್ದು.

ಇದಕ್ಕಿಂತ ನನ್ನ ಹೊಟ್ಟೆ ಉರಿಸುವುದು ಇನ್ನೊಂದು. ಪದ್ಮಿನಿಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿ ಇಲ್ಲ. 1953ರಲ್ಲಿ ಇಟಲಿಯಲ್ಲಿ ಬಂದ ಫಿಯೆಟ್ 1100ರಿಂದಲೂ ಅದರ ಬಾಡಿಯೇ ಚಾಸಿ. ಜೀಪಿನಲ್ಲಿ ಎಂಜಿನ್ ಬದಲಿಸುವುದು ನಮ್ಮ ಕಡೆ ಮಾಮೂಲು, ಗಟ್ಟಿ ಚಾಸಿಗೆ ಹೊಸ ಮೌಂಟಿಂಗ್ ವೆಲ್ಡ್ ಮಾಡಿದರೆ ಹೇಗೋ ಆಗುತ್ತದೆ. ಇಲ್ಲಿ ನೀನು ಕತ್ತರಿಸುವುದೆಲ್ಲ ಕಾರಿನ ಮೂಳೆಯನ್ನೇ. ಸಂಪ್ ತಾಗುತ್ತದೆ ಎಂದು ಮುಂದಿನ ಅಡ್ಡಪಟ್ಟಿಯಲ್ಲಿ ಕಚ್ಚು ಹಾಕಿದರೆ ಮುಂದಿನ ಸಸ್ಪೆನ್ಷನ್ ಕೂತಿರುವುದೂ ಅದರ ಮೇಲೆಯೇ. ಒಮ್ಮೆ ಗ್ಯಾಸ್ ಕಟರ್ ಹಿಡಿದ ಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ಬೋರ್ ಮಾಡಿಸಿದ್ದು ಸರಿಹೋಗದಿದ್ದರೆ ಮತ್ತೆ ಮಾಡಿಸಬಹುದು. ಕತ್ತರಿಸಿದ ಬಾಡಿ ಕತ್ತರಿಸಿದ್ದೇ.

ಬೇಗ ಮುಗಿಯುತ್ತದೆ ಎಂಬ ಆಸೆಯಿಂದಲೇ ತಾನೆ ಈ ದಾರಿ ಹಿಡಿದಿರುವುದು? ಎಂಜಿನ್ ಬದಲಾವಣೆಗೆಂದು ಕೈಹಾಕಿ ಅರ್ಧಕ್ಕೆ ನಿಂತ ಕಾರುಗಳನ್ನು ಯಾವ ಊರಿನ ಗ್ಯಾರೇಜಿನ ಹಿತ್ತಲಲ್ಲಿ ಬೇಕಾದರೂ ನೋಡು. ಎಂಜಿನ್ ಕೂತಿರುತ್ತದೆ, ಗೇರ್ ಕೂರುವುದಿಲ್ಲ. ಗೇರ್ ಕೂತಿರುತ್ತದೆ, ವೈರಿಂಗ್ ಮಾಡುವವನು ಬರುವುದಿಲ್ಲ. ಅಷ್ಟರಲ್ಲಿ ಹುಡುಗನಿಗೆ ಬೇರೆ ಊರಿನಲ್ಲಿ ಕೆಲಸ ಸಿಗುತ್ತದೆ. ಕಾರು ಕೊನೆಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ.

ಕಾನೂನಿನ ಮಾತೂ ಇದೆ, ಓದಿಕೋ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಹಳೆಯ ಎಂಜಿನ್ ಬದಲು ಅದೇ ಮಾದರಿಯ ಇನ್ನೊಂದನ್ನು ಹಾಕುವುದಾದರೂ ಆರ್‌ಟಿಒಗೆ ತಿಳಿಸಿ ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್ ಕೂರಿಸಿ ಸುಮ್ಮನಿದ್ದರೆ, ನಾಳೆ ರಸ್ತೆಯಲ್ಲಿ ಏನಾದರೂ ಆದಾಗ ವಿಮೆಯವರು ಮೊದಲು ನೋಡುವುದು ಆ ನಂಬರನ್ನೇ.

ಇದರಲ್ಲಿ ನಿನಗೆ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. 2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನ, ಮೂಲ ಸ್ವರೂಪದಲ್ಲೇ ಉಳಿದಿದ್ದರೆ, ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಷರತ್ತು ಏನು ಗೊತ್ತೇ? ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ತಾತನ ಕಾರು 1976ರದ್ದು, 2026ಕ್ಕೆ 50. ಅರ್ಧ ಶತಮಾನ ಕಾದ ಕಾರಿಗೆ ಆ ಗೌರವ ಸಿಗುವ ಹೊತ್ತಿಗೆ ಸರಿಯಾಗಿ ನೀನು ಅದರ ಎಂಜಿನ್ ಕೀಳಲು ಹೊರಟಿದ್ದೀಯ. ವಿಂಟೇಜ್ ನೋಂದಣಿ ಆದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ನಿಜ. ಮಾಡಿಸುವುದು ಬಿಡುವುದು ನಿನ್ನಿಷ್ಟ. ಆ ಬಾಗಿಲನ್ನೇ ಇಂದು ಮುಚ್ಚಿಬಿಡುವುದು ಬೇಡ ಎನ್ನುತ್ತೇನೆ.

"ಹಾಗಾದರೆ ಗುಜರಿಯಿಂದ ಇನ್ನೊಂದು ಪದ್ಮಿನಿ ಎಂಜಿನ್ ತಂದು ಹಾಕಿದರಾಯ್ತು" ಎನ್ನಬಹುದು. ಬ್ಲಾಕ್ ಒಡೆದಿದ್ದರೆ ಅದೇ ಸರಿಯಾದ ದಾರಿ. ಒಡೆಯದೆ ಇದ್ದರೆ ಯೋಚಿಸು. ಬೆಂಗಳೂರಿನ ಶಿವಾಜಿನಗರದಲ್ಲಿ ಸಿಗುವ ಎಂಜಿನ್ ಯಾವ ಕಾರಿನದು, ಎಷ್ಟು ಓಡಿದೆ, ಏಕೆ ಇಳಿಸಿದರು ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಮುಂಬೈ ಕಡೆಯಿಂದ ಬಂದದ್ದಾದರೆ ಟ್ಯಾಕ್ಸಿಯದಿರಬಹುದು. ಅಲ್ಲಿ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿ, 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಆ ಟ್ಯಾಕ್ಸಿಗಳು ಹಗಲುರಾತ್ರಿ ದುಡಿದವು, ಅದರಲ್ಲೂ ಕೊನೆಯ ವರ್ಷಗಳಲ್ಲಿ ಬಹುಪಾಲು ಸಿಎನ್‌ಜಿ ಮೇಲೆ. ಒಣ ಗ್ಯಾಸು ವಾಲ್ವ್ ಸೀಟನ್ನು ಪೆಟ್ರೋಲಿಗಿಂತ ಬೇಗ ತಿನ್ನುತ್ತದೆ. ಹಾಗಾಗಿ ನಿನಗೆ ಗೊತ್ತಿರುವ ಸವೆತವನ್ನು ಕೊಟ್ಟು, ಯಾರದೋ ಗೊತ್ತಿಲ್ಲದ ಸವೆತವನ್ನು ದುಡ್ಡು ಕೊಟ್ಟು ತರುತ್ತೀಯ. ತಂದದ್ದನ್ನೂ ಬಿಚ್ಚಿ, ಅಳೆದು, ಬೋರ್ ಮಾಡಿಸಲೇಬೇಕು. ತರುವುದೇ ಆದರೆ ರಸೀದಿ ಇಲ್ಲದೆ, ನಂಬರ್ ಉಜ್ಜಿದ ಎಂಜಿನ್ ಮುಟ್ಟಬೇಡ. ಅದರ ಹಿಂದೆ ಪೊಲೀಸ್ ಕೇಸ್ ಇದ್ದೀತು.

ಬೆಂಗಳೂರಿನಲ್ಲಿ ನಿಂತು ಹಳೆಯ ಎಂಜಿನ್ ರಿಪೇರಿ ಮಾಡಿಸಲು ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಚ್‌ಎಂಟಿ 1953ರಲ್ಲಿ ಇಲ್ಲಿಯೇ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟಿತು. ಆಡುಗೋಡಿಯ ಮೈಕೋ ಪ್ಲಗ್ ಇಲ್ಲದ ಕಾರು ನಮ್ಮ ಕಾಲದಲ್ಲಿ ಇರಲಿಲ್ಲ. ಪಿಸ್ಟನ್, ರಿಂಗ್ ಮಾಡುವ ಗೋಟ್ಜೆ ಕಾರ್ಖಾನೆ ಯಲಹಂಕದಲ್ಲಿದೆ. ಬಿಡಿಭಾಗ ಬೇಕೆಂದರೆ ಜೆ.ಸಿ. ರಸ್ತೆ. ಈ ಕಾರ್ಖಾನೆಗಳಲ್ಲಿ ಕಲಿತವರು, ಅವರಿಂದ ಕಲಿತವರು ಕಲಾಸಿಪಾಳ್ಯದ ಸುತ್ತಮುತ್ತ, ಹಾಸನ ಮೈಸೂರುಗಳ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಕೂತಿದ್ದಾರೆ. ಎಚ್‌ಎಂಟಿ ಲೇತಿನ ಮುಂದೆ ನಿಂತು ಬರಿಗಣ್ಣಿಗೆ ಕಾಣದ ಅಳತೆಯನ್ನು ಕಿವಿಯಿಂದ, ಕೈಯಿಂದ ಹಿಡಿಯುವವರು. ಹೊಸ ಕಾರುಗಳು ಅವರ ಬಳಿ ಬರುವುದಿಲ್ಲ, ಕಂಪನಿಗಳು ಎಂಜಿನ್ನನ್ನು ಇಡಿಯಾಗಿ ಬದಲಿಸುತ್ತವೆ. ನಿನ್ನಂಥವರು ತರುವ ಹಳೆಯ ಬ್ಲಾಕುಗಳೂ ಗುಜರಿಗೆ ಹೋದರೆ ಅವರ ಮಕ್ಕಳು ಆ ಯಂತ್ರವನ್ನು ಏಕೆ ಮುಟ್ಟುತ್ತಾರೆ? ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರುವುದಕ್ಕೆ ಅರ್ಧ ಕಾರಣ ಇದು. ಕೆಲಸ ಗೊತ್ತಿರುವವರು ಇನ್ನೂ ಇರುವಾಗಲೇ ಅವರ ಕೈಗೆ ಕೆಲಸ ಕೊಡಬೇಕು, ಅವರು ಮಾಡುವುದನ್ನು ನೀನು ನೋಡಬೇಕು.

ನೋಡುವಾಗ ಕಣ್ಣಿಡಬೇಕಾದದ್ದನ್ನು ಹೇಳುತ್ತೇನೆ. ಮೊದಲನೆಯದು ಅನುಕ್ರಮ. ಪಿಸ್ಟನ್ ಸೆಟ್ಟೂ ಬೇರಿಂಗ್ ಶೆಲ್ಲುಗಳೂ ಕೈಗೆ ಬಂದ ಮೇಲೆ ಬೋರಿಂಗ್, ಗ್ರೈಂಡಿಂಗ್. 20 ಥೌ ಬೋರ್ ಮಾಡಿಸಿಟ್ಟು ಆಮೇಲೆ ಪಿಸ್ಟನ್ ಹುಡುಕುತ್ತಾ ಊರೂರು ತಿರುಗಬೇಡ, ಸಿಗುವುದು 40 ಮಾತ್ರ ಎಂದಾದರೆ ಆ ಕೆಲಸವೆಲ್ಲ ವ್ಯರ್ಥ. ಮೇಸ್ತ್ರಿಗೆ ಪಿಸ್ಟನ್ ಕೊಟ್ಟರೆ ಒಂದೊಂದು ಪಿಸ್ಟನ್ನನ್ನೂ ಅಳೆದು ಅದಕ್ಕೆ ತಕ್ಕಂತೆ ಆ ಬೋರನ್ನು ಮುಗಿಸುತ್ತಾನೆ, ಯಾವುದು ಯಾವ ಸಿಲಿಂಡರಿಗೆ ಎಂದು ನಂಬರ್ ಹಾಕುತ್ತಾನೆ.

ಬೋರ್ ಆದ ಮೇಲೆ ಹೋನಿಂಗ್. ಅದು ಮುಗಿದ ಗೋಡೆಯನ್ನು ಬೆಳಕಿಗೆ ಹಿಡಿದು ನೋಡು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಕೆಲಸ ಕೆಟ್ಟಿದೆ. ಬಿದಿರು ಚಾಪೆಯ ಹೆಣಿಗೆಯ ಹಾಗೆ ಒಂದರ ಮೇಲೊಂದು ಓರೆಯಾಗಿ ಹಾದ ಸಣ್ಣ ಗೀರುಗಳು ಕಾಣಬೇಕು. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ, ರಿಂಗು ಅವುಗಳ ಮೇಲೆ ಉಜ್ಜಿ ಉಜ್ಜಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಬ್ಲಾಕನ್ನು ಬರೀ ಪೆಟ್ರೋಲಿನಿಂದ ಒರೆಸಿದರೆ ಸಾಲದು. ಬಿಸಿನೀರು, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು. ಹೋನಿಂಗ್ ಕಲ್ಲಿನ ಪುಡಿ ಉಳಿದರೆ ಹೊಸ ರಿಂಗನ್ನು ಅದೇ ತಿಂದುಹಾಕುತ್ತದೆ. ತೊಳೆದ ತಕ್ಷಣ ಆಯಿಲ್ ಸವರು, ಹಾಗೇ ಬಿಟ್ಟರೆ ನಿನ್ನ ಕಣ್ಣೆದುರೇ ತುಕ್ಕು ಏಳುತ್ತದೆ.

ಕ್ರ್ಯಾಂಕ್ ವಿಷಯದಲ್ಲಿ ಒಂದೇ ಮಾತು. ಜರ್ನಲ್ ಮುಗಿದು ಗೋಡೆ ಶುರುವಾಗುವ ಮೂಲೆಯಲ್ಲಿ ಒಂದು ಸಣ್ಣ ಗುಂಡಗಿನ ತಿರುವು ಇರುತ್ತದೆ. ಗ್ರೈಂಡಿಂಗ್ ಮಾಡುವವರು ಅವಸರದಲ್ಲಿ ಅದನ್ನು ನೇರ ಮೂಲೆ ಮಾಡಿಬಿಟ್ಟರೆ, ಎಂದೋ ಒಂದು ದಿನ ಕ್ರ್ಯಾಂಕ್ ಅಲ್ಲಿಂದಲೇ ಬಿರುಕು ಬಿಡುತ್ತದೆ. ಕೆಲಸ ಒಪ್ಪಿಸುವಾಗ ಆ ತಿರುವನ್ನು ಬೆರಳಿಟ್ಟು ತೋರಿಸಿ, ಇದು ಉಳಿಯಬೇಕು ಅಣ್ಣ ಎಂದು ಹೇಳು. ಒಳ್ಳೆಯ ಮೇಸ್ತ್ರಿಗೆ ಅದನ್ನು ಹೇಳುವ ಅಗತ್ಯವಿಲ್ಲ. ಹೇಳಿದ್ದಕ್ಕೆ ಬೇಜಾರೂ ಮಾಡಿಕೊಳ್ಳುವುದಿಲ್ಲ.

ಹೆಡ್ ಬಿಚ್ಚಿದಾಗಲೇ ವಾಲ್ವ್ ಸೀಟ್, ಗೈಡ್ ಎರಡನ್ನೂ ನೋಡಿಸು. ಅಲ್ಯೂಮಿನಿಯಂ ಹೆಡ್ಡಾದ್ದರಿಂದ ಸೀಟುಗಳನ್ನು ಪ್ರತ್ಯೇಕವಾಗಿ ಕೂರಿಸಿರುತ್ತಾರೆ, ಸವೆದಿದ್ದರೆ ಗಟ್ಟಿ ಲೋಹದ್ದು ಹಾಕಿಸಬಹುದು. ಈ ಕಾರು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ, ಅದು ನಮ್ಮಲ್ಲಿ 2000ದಲ್ಲಿ ನಿಂತಿತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಕಾರ್ಬುರೇಟರಿನ ವಾಷರುಗಳನ್ನು ಅದು ಮೆತ್ತಗೆ ಮಾಡುತ್ತದೆ. ಎಂಜಿನ್ ಕೆಳಗಿರುವಾಗಲೇ ಎಥನಾಲ್ ತಡೆಯುವಂಥವನ್ನು ಹಾಕಿಬಿಡು. ಜಿಪ್ಸಿ ಎಂಜಿನ್ನಿಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಇದೆಲ್ಲ ಆಗಿ, ಬ್ರೇಕಿನ ಸಿಲಿಂಡರುಗಳಿಗೂ ಉಳಿಯುತ್ತದೆ ಎಂದು ನನ್ನ ಅಂದಾಜು.

ನಿನಗೆ ದಿನಾ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಆಫೀಸಿಗೆ ಹೋಗುವ ಕಾರು ಬೇಕಿದ್ದರೆ ಬೇರೊಂದು ಕಾರು ತೆಗೆದುಕೋ ಮಗೂ, ಅದಕ್ಕೆ ನಾನೂ ಕೈಲಾದಷ್ಟು ಸೇರಿಸುತ್ತೇನೆ. ಪದ್ಮಿನಿಯನ್ನು ಅದಲ್ಲದ್ದನ್ನಾಗಿ ಮಾಡಲು ಹೋಗಬೇಡ. ಅದು 60ರಲ್ಲಿ ನೆಮ್ಮದಿಯಾಗಿ ಓಡುವ ಕಾರು. ಸರಿಯಾಗಿ ಕಟ್ಟಿದ ಎಂಜಿನ್ ಇದ್ದರೆ ಶಿರಾಡಿ ಘಾಟನ್ನು ಎರಡನೇ ಗೇರಿನಲ್ಲಿ ಆಯಾಸವಿಲ್ಲದೆ ಹತ್ತುತ್ತದೆ.

ಕಟ್ಟಿದ ಮೇಲೆ ಮೊದಲ ಸಾವಿರ ಕಿಲೋಮೀಟರು ರನ್ನಿಂಗ್ ಇನ್. ಸ್ಟಾರ್ಟ್ ಮಾಡಿ ಮನೆ ಮುಂದೆ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಡಬೇಡ, ಹಾಗೆ ಬಿಟ್ಟರೆ ರಿಂಗ್ ಕೂರುವುದಿಲ್ಲ. ಬಿಸಿಯಾಗುತ್ತಲೇ ರಸ್ತೆಗೆ ತೆಗೆ, ವೇಗವನ್ನು ಏರಿಸುತ್ತಾ ಇಳಿಸುತ್ತಾ ಓಡಿಸು, ಭಾರ ಹೇರಬೇಡ, ಘಾಟ್ ಕಡೆ ಆಮೇಲೆ. ಮೊದಲ ಆಯಿಲನ್ನು ಬೇಗ ಬದಲಿಸು, ಇಳಿಸಿದ ಆಯಿಲನ್ನು ತಟ್ಟೆಯಲ್ಲಿ ಹಿಡಿದು ಬೆರಳಲ್ಲಿ ಉಜ್ಜಿ ನೋಡು. ನುಣುಪಾದ ಬೂದು ಬಣ್ಣ ಸಹಜ. ತಾಮ್ರದ ಮಿನುಗು ಕಂಡರೆ ತಕ್ಷಣ ನನಗೆ ಫೋನ್ ಮಾಡು. ಹೆಡ್ ಬೋಲ್ಟುಗಳನ್ನು ಆ ಹೊತ್ತಿಗೆ ಮತ್ತೊಮ್ಮೆ ಟಾರ್ಕ್ ಮಾಡಬೇಕು, ಟ್ಯಾಪೆಟ್ಟನ್ನೂ ಮತ್ತೆ ಸೆಟ್ ಮಾಡಬೇಕು. ಅದಕ್ಕೆ ನಾನೇ ಬರುತ್ತೇನೆ, ಫೀಲರ್ ಗೇಜೂ ತರುತ್ತೇನೆ. ಸದ್ಯಕ್ಕೆ ಕಂಪ್ರೆಷನ್ನಿನ ನಾಲ್ಕು ಅಂಕಿ ಬರೆದು ಕಳಿಸು, ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿ.

ನಿನ್ನ ಅತ್ತೆ